ಕೈಗುಣಕ್ಕೆ ಬಂದ ಅಪವಾದ

ಅಂತರಸಂತೆ ಹೋಬಳಿಯ ಊರುಗಳಲ್ಲಿ, ಎಚ್.ಡಿ. ಕೋಟೆ, ಸರಗೂರು, ಹುಣಸೂರಿನ ಅಂಗಡಿ ಬೀದಿಗಳಲ್ಲಿ, ಜಾತ್ರೆ ನಡೆಯುವ ಬಯಲುಗಳಲ್ಲಿ ಮಕ್ಕಳ ಕಿವಿ, ಹೆಣ್ಣುಮಕ್ಕಳ ಮೂಗು ಚುಚ್ಚುವ ಎಲ್ಲ ಆಚಾರ್ರಿಗೂ, ನಿಮ್ಮ ಪಕ್ಕದಲ್ಲೇ ಈಗ ಗನ್ ಇಟ್ಟುಕೊಂಡು ಕೂತಿರುವ ಹೊಸ ಹುಡುಗರಿಗೂ ನಮಸ್ಕಾರ.

ನಿಮ್ಮ ಬೆನ್ನ ಹಿಂದೆ ಒಂದು ಮಾತು ಓಡಾಡುತ್ತದೆ. ಎದುರಿಗೆ ಯಾರೂ ಆಡುವುದಿಲ್ಲ. ಮಗಳಿಗೆ ಎರಡನೇ ತೂತು ಹಾಕಿಸಿಕೊಂಡು ಹೋದವರು ನಾಲ್ಕಾರು ತಿಂಗಳು ಕಳೆದ ಮೇಲೆ ಓಲೆಯ ಹಿಂದೆ ಬೆರಳಿಟ್ಟು ನೋಡುತ್ತಾರೆ; ಗಟ್ಟಿಯಾದ ಗಂಟೊಂದು ಸಿಗುತ್ತದೆ. ಗಾಯ ಮಾಯ್ದು ಎಷ್ಟೋ ದಿನವಾಗಿದೆ, ಕೀವಿಲ್ಲ, ಜ್ವರವಿಲ್ಲ, ಗಂಟು ಮಾತ್ರ ಬೆಳೆಯುತ್ತಲೇ ಇದೆ. ಆಗ ಮನೆಯಲ್ಲಿ ಎರಡು ತೀರ್ಪು ಹೊರಬೀಳುತ್ತವೆ. ಹಿರಿಯರು ‘ನಂಜಾಗಿದೆ, ಬದನೆಕಾಯಿ, ಒಣಮೀನು ಬೇಡ ಅಂದ್ರೆ ಕೇಳಿದ್ಯಾ’ ಎಂದು ಹುಡುಗಿಯನ್ನು ಬೈಯುತ್ತಾರೆ. ಉಳಿದವರು ‘ಆ ಆಚಾರ್ರ ಕೈಗುಣ ಚೆನ್ನಾಗಿಲ್ಲ’ ಎಂದು ನಿಮ್ಮನ್ನು ಬೈಯುತ್ತಾರೆ. ಮುಂದಿನ ಮಗುವಿನ ಕಿವಿಗೆ ಬೇರೆ ಅಂಗಡಿ ಹುಡುಕುತ್ತಾರೆ. ಅಲ್ಲೂ ಗಂಟು ಬಂದರೆ ಮತ್ತೊಂದು.

ಈ ಅಪವಾದದಲ್ಲಿ ಮುಕ್ಕಾಲು ಪಾಲು ಸುಳ್ಳು ಎಂದು ಹೇಳುವುದಕ್ಕೆ ಈ ಕಾಗದ. ಉಳಿದ ಕಾಲು ಪಾಲು ನಿಮ್ಮ ಕೈಯಲ್ಲೇ ಇದೆ, ಅದನ್ನೂ ಹೇಳದೆ ಬಿಡುವುದಿಲ್ಲ.

ನಾನು ಡಾಕ್ಟರಲ್ಲ. ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡಿಕೊಂಡು ಬಂದ ಮೇಷ್ಟ್ರು. ಆದರೆ ಈ ಗಂಟು ನಮ್ಮ ಅವ್ವನ ತವರಿನ ಆಸ್ತಿ. ಅವ್ವನ ತಾಯಿ, ನಮ್ಮಜ್ಜಿ, ಮದುವೆಯ ಹೊತ್ತಿನಲ್ಲಿ ಬುಗುಡಿ ಇಡಲೆಂದು ಕಿವಿಯ ಮೇಲ್ತುದಿ ಚುಚ್ಚಿಸಿಕೊಂಡಿದ್ದರಂತೆ. ನಾನು ನೋಡುವ ಹೊತ್ತಿಗೆ ಅಲ್ಲಿ ಬುಗುಡಿಯೂ ಇರಲಿಲ್ಲ, ತೂತೂ ಇರಲಿಲ್ಲ. ಎರಡನ್ನೂ ನುಂಗಿ ಕೂತ ಒಂದು ಉಬ್ಬು ಇತ್ತು. ನುಣ್ಣಗೆ, ಬಿಗಿಯಾಗಿ, ಸುತ್ತಲಿನ ಚರ್ಮಕ್ಕಿಂತ ಕೆಂಪುಗಪ್ಪು ಬಣ್ಣ. ಮೇಲೆ ಒಂದು ಕೂದಲೂ ಇಲ್ಲ, ಬೆವರೂ ಇಲ್ಲ. ರಾತ್ರಿ ನವೆ ಶುರುವಾದರೆ ಅಜ್ಜಿ ಸೆರಗಿನ ತುದಿ ಒದ್ದೆ ಮಾಡಿ ಅದರ ಮೇಲೆ ಒತ್ತಿ ಹಿಡಿದು ಕೂರುತ್ತಿದ್ದರು. ಕೆರೆದರೆ ಚುರುಚುರು ಎನ್ನುತ್ತಿತ್ತು, ಅದಕ್ಕೆ ಕೆರೆಯುತ್ತಿರಲಿಲ್ಲ. ಸೋದರಮಾವನಿಗೆ ಎದೆಯ ನಡುವೆ ಒಂದು ಮೊಡವೆ ಎದ್ದು ಒಡೆದ ಜಾಗದಿಂದ ಎಡಕ್ಕೂ ಬಲಕ್ಕೂ ಚಾಚಿಕೊಂಡು ಬೆಳೆದ ಉಬ್ಬು. ನಮ್ಮವ್ವನ ಮೈಮೇಲೆ ಇಂಥದ್ದು ಒಂದೂ ಇಲ್ಲ. ಕಿವಿ ಚುಚ್ಚಿಸಿಕೊಂಡಿದ್ದಾಳೆ, ಮೂಗು ಚುಚ್ಚಿಸಿಕೊಂಡಿದ್ದಾಳೆ, ಕುಡುಗೋಲು ತಾಗಿಸಿಕೊಂಡಿದ್ದಾಳೆ, ಎಲ್ಲ ಗಾಯವೂ ಗೆರೆ ಎಳೆದ ಹಾಗೆ ಮಾಯ್ದಿದೆ. ನಮ್ಮ ತಂಗಿಗೂ ಇಲ್ಲ. ತಂಗಿಯ ಮಗಳು ಹೈಸ್ಕೂಲು ಸೇರಿದ ಮೇಲೆ ಗೆಳತಿಯರ ಜೊತೆ ಹೋಗಿ ಎರಡೂ ಕಿವಿಗೆ ಎರಡನೇ ತೂತು ಹಾಕಿಸಿಕೊಂಡು ಬಂದಳು. ಎಡಗಿವಿಯ ಹಿಂದೆ ಗಂಟು ಬಂತು. ಬಲಗಿವಿ ಚೆನ್ನಾಗಿದೆ. ಕೂಸಾಗಿದ್ದಾಗ ಚುಚ್ಚಿದ ಮೊದಲ ತೂತುಗಳೂ ಚೆನ್ನಾಗಿವೆ.

ಈ ಒಂದು ಮನೆಯ ಲೆಕ್ಕವನ್ನೇ ಹಿಡಿದುಕೊಂಡರೆ ವಿಷಯ ಅರ್ಧ ಬಿಡಿಸಿಕೊಳ್ಳುತ್ತದೆ. ನಾಲ್ಕು ತಲೆಮಾರು, ಬೇರೆ ಬೇರೆ ಊರು, ಬೇರೆ ಬೇರೆ ಕೈ. ಮಾವನದು ಯಾರೂ ಚುಚ್ಚಿದ್ದೇ ಅಲ್ಲ.

ಊರಲ್ಲಿ ಇದಕ್ಕೆ ದುರ್ಮಾಂಸ ಎನ್ನುತ್ತಾರೆ, ಡಾಕ್ಟರು ಕೆಲಾಯ್ಡ್ ಎನ್ನುತ್ತಾರೆ. ಇದು ಕ್ಯಾನ್ಸರ್ ಅಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ದಪ್ಪಗೆ ಮಾಯುವ ಎಲ್ಲ ಗಾಯವೂ ಕೆಲಾಯ್ಡ್ ಅಲ್ಲ. ನಮ್ಮ ಕಡೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿ ಕೈ ಸುಟ್ಟುಕೊಂಡವರನ್ನು ನೋಡಿರುತ್ತೀರಿ. ಸುಟ್ಟ ಜಾಗ ಒಂದೆರಡು ತಿಂಗಳಲ್ಲೇ ಹಗ್ಗದ ಹಾಗೆ ಉಬ್ಬುತ್ತದೆ, ಆದರೆ ಸುಟ್ಟಷ್ಟು ಜಾಗದ ಗಡಿ ದಾಟುವುದಿಲ್ಲ, ವರ್ಷ ಎರಡು ವರ್ಷದಲ್ಲಿ ತಾನಾಗಿಯೇ ಸ್ವಲ್ಪ ಇಳಿಯುತ್ತದೆ. ಅದು ದಪ್ಪಗಲೆ. ಕೆಲಾಯ್ಡ್ ಹಾಗಲ್ಲ. ತಡವಾಗಿ, ಕೆಲವೊಮ್ಮೆ ವರ್ಷ ಕಳೆದ ಮೇಲೆ ಶುರುವಾಗುತ್ತದೆ, ಗಾಯದ ಗಡಿ ದಾಟಿ ಒಳ್ಳೆಯ ಚರ್ಮದ ಮೇಲೂ ಹಬ್ಬುತ್ತದೆ, ತಾನಾಗಿ ಇಳಿಯುವುದಿಲ್ಲ. ಇನ್ನೊಂದಿದೆ, ಇದನ್ನು ನೀವು ಮೂಗು ಚುಚ್ಚಿದಾಗ ಹೆಚ್ಚು ನೋಡಿರುತ್ತೀರಿ: ಚುಚ್ಚಿದ ಎರಡು ಮೂರು ವಾರದಲ್ಲೇ ಏಳುವ, ಒದ್ದೆಯಾದ, ಮುಟ್ಟಿದರೆ ರಕ್ತ ಬರುವ ಕೆಂಪು ಗುಳ್ಳೆ. ಅದೂ ಕೆಲಾಯ್ಡ್ ಅಲ್ಲ. ಅದಕ್ಕೆ ಬೇರೆ ಔಷಧಿ, ಬೇಗ ವಾಸಿಯೂ ಆಗುತ್ತದೆ. ಮೂರನ್ನೂ ಒಂದೇ ಹೆಸರಲ್ಲಿ ಕರೆಯುವುದರಿಂದಲೇ ‘ನನಗೆ ಸುಣ್ಣ ಹಚ್ಚಿದ್ದಕ್ಕೆ ಹೋಯ್ತು’ ಎನ್ನುವವರೂ, ‘ಏನು ಮಾಡಿದರೂ ಹೋಗಲಿಲ್ಲ’ ಎನ್ನುವವರೂ ಒಂದೇ ಜಗಲಿಯ ಮೇಲೆ ಸಿಗುತ್ತಾರೆ.

ಒಳಗೆ ನಡೆಯುವುದೇನು? ನೀವು ಸೂಜಿ ಇಳಿಸಿದ ಕೂಡಲೇ ಚರ್ಮ ಅದನ್ನು ಗಾಯ ಎಂದೇ ಎಣಿಸುತ್ತದೆ. ಮೊದಲು ರಕ್ತ ಹೆಪ್ಪುಗಟ್ಟುತ್ತದೆ, ಆಮೇಲೆ ಊತ. ಅನಂತರ ಫೈಬ್ರೊಬ್ಲಾಸ್ಟ್ ಎಂಬ ಕೋಶಗಳು ಬಂದು ಕೊಲಾಜನ್ ಎಂಬ ನಾರು ನೇಯಲು ಕೂರುತ್ತವೆ. ಅವುಗಳಿಗೆ ಕೆಲಸ ಶುರುಮಾಡಿ ಎಂದು ಹೇಳುವ ರಾಸಾಯನಿಕ ಆಳುಗಳಲ್ಲಿ ಮುಖ್ಯನ ಹೆಸರು ಟಿ.ಜಿ.ಎಫ್.-ಬೀಟಾ. ಬೀಚನಹಳ್ಳಿಯಲ್ಲಿ ಕಬಿನಿ ಅಣೆಕಟ್ಟೆಯ ಗೇಟು ನೋಡಿದ್ದೀರಲ್ಲ. ವಯನಾಡಿನಲ್ಲಿ ಮಳೆ ಜೋರಾದರೆ ಎತ್ತುತ್ತಾರೆ, ಒಳಹರಿವು ಇಳಿದರೆ ಇಳಿಸುತ್ತಾರೆ. ಚರ್ಮದಲ್ಲೂ ಗಾಯ ಮುಚ್ಚಿದ ಮೇಲೆ ಗೇಟು ಇಳಿಸಬೇಕು: ಊತ ಕಡಿಮೆಯಾಗಬೇಕು, ನೇಯ್ದ ಕೋಶಗಳಲ್ಲಿ ಬಹುಪಾಲು ತಾವಾಗಿ ಸಾಯಬೇಕು, ಹೆಚ್ಚಾದ ನಾರು ಕರಗಬೇಕು. ಕೆಲಾಯ್ಡ್ ಆಗುವ ಚರ್ಮದಲ್ಲಿ ಎತ್ತಿದ ಗೇಟು ಎತ್ತಿದಂತೆಯೇ ಉಳಿದುಬಿಡುತ್ತದೆ. ಆ ಗಂಟಿನಿಂದ ತೆಗೆದ ಫೈಬ್ರೊಬ್ಲಾಸ್ಟುಗಳನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿ ನೋಡಿದ್ದಾರೆ. ಅವು ಮಾಮೂಲಿ ಚರ್ಮದ ಕೋಶಗಳಿಗಿಂತ ಹೆಚ್ಚು ಕೊಲಾಜನ್ ತಯಾರಿಸುತ್ತವೆ, ಟಿ.ಜಿ.ಎಫ್.-ಬೀಟಾ ಸ್ವಲ್ಪವೇ ಸೋಕಿದರೂ ಜೋರಾಗಿ ಸ್ಪಂದಿಸುತ್ತವೆ, ಸಾಯಬೇಕಾದಾಗ ಸಾಯುವುದಿಲ್ಲ. ಗಂಟಿನ ನಡುವಿಗಿಂತ ಅಂಚಿನ ಕೋಶಗಳೇ ಹೆಚ್ಚು ಚುರುಕು. ಅದಕ್ಕೇ ಅದು ಪಕ್ಕಕ್ಕೆ ಹಬ್ಬುವುದು.

ಹಾಗಾದರೆ ಗೇಟಿನ ಕೀಲಿ ಎಲ್ಲಿ ಕೆಟ್ಟಿದೆ? ಇಲ್ಲಿಂದ ಮುಂದಿನದು ವಂಶವಾಹಿಯ ಮಾತು. ಆ ಮಾತು ನಮ್ಮ ತಾಲ್ಲೂಕಿಗೆ ಹೊಸದೇನಲ್ಲ.

ಹಾಡಿಗಳಿಗೆ ಹೋಗಿ ಬರುವ ನಿಮ್ಮಲ್ಲಿ ಕೆಲವರಿಗೆ ಸಿಕಲ್ ಸೆಲ್ ಗೊತ್ತಿರುತ್ತದೆ. ಕೋಟೆ ತಾಲ್ಲೂಕಿನ ಆದಿವಾಸಿ ಕುಟುಂಬಗಳಲ್ಲಿ ಇರುವ ರಕ್ತದ ಕಾಯಿಲೆ. 2023ರ ಜುಲೈ 1ರಂದು ಕೇಂದ್ರ ಸರ್ಕಾರ ಅದರ ನಿರ್ಮೂಲನೆಗೆಂದು ರಾಷ್ಟ್ರೀಯ ಅಭಿಯಾನ ಶುರುಮಾಡಿದ ಮೇಲೆ ರಕ್ತ ಪರೀಕ್ಷೆ, ಕಾರ್ಡು, ಮದುವೆಗೆ ಮುಂಚೆ ಕಾರ್ಡು ಹೊಂದಿಸಿ ನೋಡಿ ಎನ್ನುವ ಸಲಹೆ, ಎಲ್ಲವೂ ಆಶಾ ಕಾರ್ಯಕರ್ತೆಯರ ಬಾಯಲ್ಲಿ ಬಂದಿವೆ. ಸಿಕಲ್ ಸೆಲ್‌ನಲ್ಲಿ ಕೆಟ್ಟಿರುವುದು ಒಂದೇ ಒಂದು ಜೀನ್, ಅದರಲ್ಲೂ ಒಂದೇ ಒಂದು ಅಕ್ಷರ. ತಂದೆಯಿಂದ ಒಂದು, ತಾಯಿಯಿಂದ ಒಂದು, ಎರಡೂ ಕೆಟ್ಟ ಪ್ರತಿಯೇ ಬಂದರೆ ಕಾಯಿಲೆ. ಒಂದು ಮಾತ್ರ ಬಂದರೆ ಬರೀ ವಾಹಕ. ಒಂದು ಹನಿ ರಕ್ತ ಸಾಕು, ಹೌದೋ ಅಲ್ಲವೋ ಹೇಳಿಬಿಡಬಹುದು.

ಕೆಲಾಯ್ಡ್‌ಗೆ ಅಂಥ ರಕ್ತ ಪರೀಕ್ಷೆಯಿಲ್ಲ. ಯಾರಾದರೂ ಮೈಸೂರಿನಲ್ಲಿ ಮಾಡುತ್ತಾರೆ ಎಂದು ಹೇಳಿ ದುಡ್ಡು ಕೇಳಿದರೆ ಕೊಡಬೇಡಿ ಎಂದು ನಿಮ್ಮ ಗಿರಾಕಿಗಳಿಗೆ ಹೇಳಿ. ಇಲ್ಲಿ ಕೈವಾಡ ಒಂದು ಜೀನಿನದಲ್ಲ. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೆಲಾಯ್ಡ್ ಇರುವ 14 ಕುಟುಂಬಗಳ ವಂಶವೃಕ್ಷ ಬರೆದರು. ಹೆಚ್ಚಿನವು ಅಮೆರಿಕದ ಕಪ್ಪು ಜನರ ಕುಟುಂಬಗಳು, ಜಪಾನಿನವೂ ಇದ್ದವು. 341 ಜನರಲ್ಲಿ 96 ಮಂದಿಗೆ ಕೆಲಾಯ್ಡ್ ಇತ್ತು. ತಂದೆ ತಾಯಿಯರಲ್ಲಿ ಒಬ್ಬರಿಂದ ಬಂದರೂ ಸಾಕು, ಮಕ್ಕಳಲ್ಲಿ ಕಾಣಿಸಿಕೊಳ್ಳಬಹುದು ಎನ್ನುವ ರೀತಿಯಲ್ಲಿ ಅದು ಇಳಿದು ಬಂದಿತ್ತು. ಆದರೆ ಕೆಲವರು ನಡುವೆ ನಿಂತಿದ್ದರು: ಅವರ ತಾಯಿಗೆ ಇದೆ, ಮಗನಿಗೆ ಇದೆ, ಅವರಿಗೆ ಮಾತ್ರ ಇಲ್ಲ. ಗುಣವನ್ನು ದಾಟಿಸಿದ್ದಾರೆ, ತೋರಿಸಿಲ್ಲ. ನಮ್ಮವ್ವ, ನಮ್ಮ ತಂಗಿ ಆ ಪಂಕ್ತಿಯವರು. ಈ ಒಂದು ಕಾರಣಕ್ಕೇ, ‘ನನಗೂ ಇಲ್ಲ, ನಮ್ಮ ಯಜಮಾನರಿಗೂ ಇಲ್ಲ, ಮಗಳಿಗೆ ಎಲ್ಲಿಂದ ಬರುತ್ತೆ’ ಎನ್ನುವ ತಾಯಿಯ ಮಾತನ್ನು ಪೂರ್ತಿ ನಂಬಿ ಸೂಜಿ ಎತ್ತಿಕೊಳ್ಳಬಾರದು.

2004ರಲ್ಲಿ ಅದೇ ಸಂಶೋಧಕರ ಗುಂಪು ಒಂದು ಜಪಾನಿ ಕುಟುಂಬದಲ್ಲಿ ಎರಡನೇ ವರ್ಣತಂತುವಿನ ಕಡೆಗೂ, ಒಂದು ಆಫ್ರಿಕನ್ ಅಮೆರಿಕನ್ ಕುಟುಂಬದಲ್ಲಿ ಏಳನೆಯದರ ಕಡೆಗೂ ಬೆರಳು ತೋರಿಸಿತು. ಎರಡು ಮನೆ, ಎರಡು ವಿಳಾಸ. 2010ರಲ್ಲಿ ಜಪಾನಿನ ವಿಜ್ಞಾನಿಗಳು ಕೆಲಾಯ್ಡ್ ಇರುವ ನೂರಾರು ಜನರ ಜೀನುಗಳನ್ನು, ಇಲ್ಲದ ಸಾವಿರಾರು ಜನರ ಜೀನುಗಳ ಪಕ್ಕದಲ್ಲಿಟ್ಟು ಹೋಲಿಸಿ, ಒಂದು, ಮೂರು ಮತ್ತು ಹದಿನೈದನೇ ವರ್ಣತಂತುಗಳಲ್ಲಿ ಮೂರು ಜಾಗ ಗುರುತಿಸಿದರು. ಹದಿನೈದರಲ್ಲಿ ಸಿಕ್ಕಿದ್ದು ನೆಡ್4 ಎಂಬ ಜೀನ್. ಅದರ ಪ್ರೋಟೀನು ಹೆಚ್ಚಾದಾಗ ಕೊಲಾಜನ್ ತಯಾರಿಯೂ ಊತದ ಸಂಕೇತಗಳೂ ಹೆಚ್ಚುತ್ತವೆ ಎಂದು ಮುಂದಿನ ಕೆಲಸಗಳು ತೋರಿಸಿದವು. 2017ರಲ್ಲಿ ನೈಜೀರಿಯಾದ ಒಂದು ಯೊರುಬಾ ಕುಟುಂಬದಲ್ಲಿ ಎಎಸ್ಎಎಚ್1 ಎಂಬ ಇನ್ನೊಂದೇ ಜೀನಿನಲ್ಲಿ ದೋಷ ಸಿಕ್ಕಿತು. ರೂಬಿನ್‌ಸ್ಟೈನ್-ಟೇಬಿ ಎಂಬ ಅಪರೂಪದ ಹುಟ್ಟುಕಾಯಿಲೆಯಲ್ಲಿ ಹೆಬ್ಬೆರಳು ಅಗಲವಾಗಿರುತ್ತದೆ; ಆ ಕಾಯಿಲೆಯವರಲ್ಲಿ ಕೆಲವರಿಗೆ ಗಾಯವೇ ಆಗದೆ ಕೆಲಾಯ್ಡ್ ಏಳುತ್ತದೆ. ಅಲ್ಲಿ ಕೆಟ್ಟಿರುವುದು ಬೇರೆ ಜೀನುಗಳ ಕೆಲಸವನ್ನು ಏರಿಸಿ ಇಳಿಸುವ ಒಂದು ಮೇಸ್ತ್ರಿ ಜೀನ್. ಇವೆಲ್ಲ ಒಂದೇ ಕಡೆ ಕೈ ತೋರುವುದಿಲ್ಲ. ಮನೆಮನೆಗೆ ಬೇರೆ ದೋಷ, ಆದರೆ ಕೊನೆಗೆ ಹೋಗಿ ನಿಲ್ಲುವುದು ನಾರು ನೇಯುವ ಆ ಕೋಶದ ಹತ್ತಿರವೇ.

ಇನ್ನೊಂದು ಸೂಕ್ಷ್ಮವಿದೆ. ಹುಟ್ಟಿನಿಂದ ಬಂದ ಅಕ್ಷರದೋಷ ಮೈಯ ಎಲ್ಲ ಕೋಶಗಳಲ್ಲೂ ಇರುತ್ತದೆ. ಗಂಟಿನ ಒಳಗೆ ಮಾತ್ರ ಕಾಣುವ ಬದಲಾವಣೆಗಳು ಬೇರೆ. ಅಲ್ಲಿ ಅಕ್ಷರ ಸರಿಯಾಗಿಯೇ ಇದ್ದು, ಯಾವ ಜೀನ್ ಓದಬೇಕು, ಯಾವುದನ್ನು ಮುಚ್ಚಿಡಬೇಕು ಎನ್ನುವ ಗುರುತುಗಳು ಪಲ್ಲಟವಾಗಿರುತ್ತವೆ. ಗಾಯವೇ ಆ ಗುರುತುಗಳನ್ನು ಬದಲಿಸಿರಬಹುದು. ಹುಟ್ಟಿನಿಂದ ಬಂದದ್ದು ಎಷ್ಟು, ಗಾಯವಾದ ಮೇಲೆ ಅಂಟಿಕೊಂಡದ್ದು ಎಷ್ಟು ಎನ್ನುವ ಜಗಳ ಸಂಶೋಧಕರಲ್ಲಿ ಇನ್ನೂ ಮುಗಿದಿಲ್ಲ. ನಿಮ್ಮ ಕೆಲಸಕ್ಕೆ ಆ ಜಗಳ ಮುಗಿಯಬೇಕಾಗಿಲ್ಲ.

‘ಸೋದರದಲ್ಲೇ ಮದುವೆ ಮಾಡಿಕೊಂಡರೆ ಹೀಗೇ ಆಗೋದು’ ಎನ್ನುವವರಿದ್ದಾರೆ. ಮೈಸೂರು ಸೀಮೆಯಲ್ಲಿ ಈ ಮಾತಿಗೆ ಕಾರಣವಿದೆ. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಅವರ ಸಂಗಡಿಗರು ಬೆಂಗಳೂರು, ಮೈಸೂರಿನಲ್ಲಿ ಹುಟ್ಟಿದ ಕೂಸುಗಳ ರಕ್ತ ತಪಾಸಣೆ ನಡೆಸಿದಾಗ ಸುಮಾರು ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದೊಳಗೇ ಆಗಿತ್ತು, ಅದರಲ್ಲೂ ಸೋದರಮಾವ-ಸೊಸೆ ಮದುವೆ ದೊಡ್ಡ ಪಾಲು. ಸಿಕಲ್ ಸೆಲ್‌ನಂತೆ ಎರಡು ಕೆಟ್ಟ ಪ್ರತಿ ಬೇಕಾಗುವ ಕಾಯಿಲೆಗಳಿಗೆ ಇದು ನಿಜಕ್ಕೂ ದಾರಿ. ಕೆಲಾಯ್ಡ್ ಸಾಮಾನ್ಯವಾಗಿ ಒಂದೇ ಕಡೆಯಿಂದ ಬಂದರೂ ಸಾಕಾಗುವ ಗುಣವಾದ್ದರಿಂದ ಸೋದರದ ಮದುವೆ ಇದಕ್ಕೆ ಮೂಲವಲ್ಲ. ದೂರದ ಊರಿನಿಂದ ಹೆಣ್ಣು ತಂದವರ ಮನೆಯಲ್ಲೂ ಬರುತ್ತದೆ. ಸೋದರದ ಮದುವೆ ಬೇಡ ಎನ್ನುವುದಕ್ಕೆ ಬೇರೆ ಕಾರಣ ಬೇಕಾದಷ್ಟಿವೆ, ಪಾಪ ಇದನ್ನೂ ಅದರ ತಲೆಗೆ ಕಟ್ಟುವುದು ಬೇಡ.

ನಂಜಿನ ಮಾತೂ ಅಷ್ಟೇ. ಬದನೆಕಾಯಿ ತಿಂದು ಕೆಲಾಯ್ಡ್ ಬರುವುದಿಲ್ಲ. ಬಾಣಂತಿಯರಿಗೂ ಗಾಯದವರಿಗೂ ನಂಜು ಎಂದು ಮೊಟ್ಟೆ ಮೀನು ನಿಲ್ಲಿಸುವುದನ್ನು ನೋಡಿದಾಗ ನನಗೆ ಸಿಟ್ಟೇ ಬರುತ್ತದೆ. ಗಾಯ ಮಾಯಲು ಬೇಕಾದ್ದೇ ಅದು. ಇರಲಿ, ಅದು ಇನ್ನೊಂದು ಕಾಗದದ ವಿಷಯ. ಮೈಬಣ್ಣದ ಮಾತು ಮಾತ್ರ ಸುಳ್ಳಲ್ಲ. ಬಿಳಿಯರಿಗಿಂತ ಕಪ್ಪು, ಕಂದು ಮೈಬಣ್ಣದ ಜನರಲ್ಲಿ ಕೆಲಾಯ್ಡ್ ಹೆಚ್ಚು, ಆಫ್ರಿಕಾ ಮೂಲದವರಲ್ಲಿ ಎಲ್ಲರಿಗಿಂತ ಹೆಚ್ಚು. ನಮ್ಮ ಸೀಮೆಯಲ್ಲಿ ಯಾರಿಗಾದರೂ ಬರಬಹುದು.

ಈಗ ನಮ್ಮ ತಂಗಿಯ ಮಗಳ ಎರಡು ಕಿವಿಗಳ ಲೆಕ್ಕಕ್ಕೆ ಬರೋಣ. ಜೀನು ಎರಡೂ ಕಿವಿಯಲ್ಲಿ ಒಂದೇ. ಎಡಗಿವಿಗೆ ಮಾತ್ರ ಯಾಕೆ ಬಂತು? ಅವಳೇ ಹೇಳಿದ್ದು: ಎಡಗಡೆ ಮಲಗುತ್ತಿದ್ದಳು, ಆ ತೂತು ಎರಡು ಸಲ ಕೀವಾಗಿತ್ತು, ಒಂದು ಸಲ ತಲೆ ಬಾಚುವಾಗ ಬಾಚಣಿಗೆ ಸಿಕ್ಕಿ ಎಳೆದಿತ್ತು. ವಂಶದಿಂದ ಬರುವುದು ಗಂಟಲ್ಲ, ಗಂಟು ಕಟ್ಟುವ ಒಲವು. ಆ ಒಲವಿರುವ ಚರ್ಮದಲ್ಲಿ ಊತ ಹೆಚ್ಚು ದಿನ ನಿಂತರೆ, ಎಳೆತ ಬಿದ್ದರೆ, ಕೆಲಸ ಕೆಡುತ್ತದೆ. ಜಪಾನಿನ ಪ್ಲಾಸ್ಟಿಕ್ ಸರ್ಜನ್ ರೇ ಒಗಾವಾ ಈ ಎಳೆತದ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಎದೆಯ ನಡುಭಾಗ, ಭುಜ, ಬೆನ್ನಿನ ಮೇಲ್ಭಾಗ ಕೈಯಾಡಿಸಿದಾಗೆಲ್ಲ ಬಿಗಿಯುವ ಜಾಗಗಳು, ಕೆಲಾಯ್ಡ್ ಅಲ್ಲೇ ಹೆಚ್ಚು. ಚರ್ಮ ಸಡಿಲವಾಗಿರುವ ಕಣ್ಣಿನ ಮೇಲ್ರೆಪ್ಪೆಯಲ್ಲಿ, ಎಳೆತವೇ ಬೀಳದ ನೆತ್ತಿಯಲ್ಲಿ ಅದು ತೀರಾ ಅಪರೂಪ. ನಮ್ಮ ಮಾವನ ಎದೆಯ ಉಬ್ಬು ಮೇಲೆ ಕೆಳಗೆ ಹೋಗದೆ ಎರಡೂ ಪಕ್ಕಕ್ಕೆ ಚಾಚಿದ್ದು, ಕೈಗಳು ಎದೆಯನ್ನು ಅಡ್ಡಕ್ಕೆ ಎಳೆಯುವುದರಿಂದ. ಹುಟ್ಟಿದ ಕೂಸಿಗೆ ಎಡತೋಳಿನಲ್ಲಿ ಹಾಕುವ ಬಿಸಿಜಿ ಚುಚ್ಚುಮದ್ದಿನ ಗುರುತು ಕೆಲವರಲ್ಲಿ ದೊಡ್ಡವರಾದ ಮೇಲೆ ಉಬ್ಬುವುದೂ ಇದೇ ಬಗೆ. ಅದನ್ನೊಂದು ಜ್ಞಾಪಕ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ವಯಸ್ಸಿನದೂ ಒಂದು ಲೆಕ್ಕವಿದೆ. ಕೆಲಾಯ್ಡ್ ಏಳುವುದು ಹೆಚ್ಚಾಗಿ ಹತ್ತರಿಂದ ಮೂವತ್ತರ ನಡುವೆ. ಮೈನೆರೆಯುವ ಕಾಲದಲ್ಲಿ, ಬಸಿರಿನಲ್ಲಿ ಅದು ಹಿಗ್ಗುವುದುಂಟು. 2005ರಲ್ಲಿ ‘ಪೀಡಿಯಾಟ್ರಿಕ್ಸ್’ ಎಂಬ ಅಮೆರಿಕದ ಮಕ್ಕಳ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಸಣ್ಣ ಅಧ್ಯಯನ ಬಂತು. ಕೆಲಾಯ್ಡ್ ಆಗುವ ಪ್ರವೃತ್ತಿಯವರನ್ನೇ ವಿಚಾರಿಸಿ ನೋಡಿದಾಗ, 11 ವರ್ಷ ತುಂಬಿದ ಮೇಲೆ ಕಿವಿ ಚುಚ್ಚಿಸಿಕೊಂಡವರಲ್ಲಿ ನೂರಕ್ಕೆ 80ರಷ್ಟು ಮಂದಿಗೆ ಗಂಟು ಬಂದಿತ್ತು. ಅದಕ್ಕೂ ಮೊದಲು ಚುಚ್ಚಿಸಿಕೊಂಡವರಲ್ಲಿ ನೂರಕ್ಕೆ 24ರಷ್ಟು. ಕೆಲವೇ ಜನರನ್ನು ನೋಡಿ ಮಾಡಿದ ಲೆಕ್ಕ, ತೂಕ ಅಷ್ಟೇ ಕೊಡಿ. ಆದರೆ ನಮ್ಮ ಹಳೇ ಪದ್ಧತಿಗೆ ಇದು ಒಗ್ಗುತ್ತದೆ. ಸುಶ್ರುತ ಸಂಹಿತೆ ಕೂಸಿನ ಕಿವಿಯನ್ನು ಆರನೇ ಅಥವಾ ಏಳನೇ ತಿಂಗಳಲ್ಲಿ, ಬಿಸಿಲು ಹಾಯ್ದು ಕಾಣುವ ತೆಳು ಜಾಗ ನೋಡಿ ಚುಚ್ಚಲು ಹೇಳುತ್ತದೆ. ನಂಜನಗೂಡಿಗೋ ಮಾದಪ್ಪನ ಬೆಟ್ಟಕ್ಕೋ ಮುಡಿ ಕೊಡಲು ಹೋದಾಗ ಅಥವಾ ಮನೆಯಲ್ಲೇ ವರ್ಷದೊಳಗೆ ಶಾಸ್ತ್ರ ಮುಗಿಸುವುದು ನಮ್ಮ ರೂಢಿ. ನಿಮ್ಮ ತಾತ ಮುತ್ತಾತಂದಿರ ಕೈಗುಣಕ್ಕೆ ಹೆಸರು ಬಂದದ್ದರಲ್ಲಿ ಕೂಸಿನ ತೆಳು ಹಾಲೆಯ ಪಾಲೂ ಇರಬೇಕು. ಈಗ ನಿಮ್ಮ ಹತ್ತಿರ ಹೈಸ್ಕೂಲು, ಕಾಲೇಜು ಹುಡುಗಿಯರು ಬರುತ್ತಾರೆ, ಒಂಟಿ ಬೇಕೆಂದು ಹುಡುಗರೂ ಬರುತ್ತಾರೆ. ಎರಡನೇ ತೂತು, ಮೂರನೇ ತೂತು, ಮೇಲ್ಗಿವಿಯ ಮೃದ್ವಸ್ಥಿಯಲ್ಲಿ ತೂತು. ವಯಸ್ಸೂ ತಪ್ಪು, ಜಾಗವೂ ತಪ್ಪು.

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ. ಸೂಜಿ ಎತ್ತುವ ಮೊದಲು ಒಂದು ವಿಚಾರಣೆ ಮಾಡಿ. ಮನೆಯಲ್ಲಿ ಯಾರಿಗಾದರೂ ದುರ್ಮಾಂಸ ಬಂದಿದೆಯಾ ಎಂದು ಕೇಳಿ. ಅಪ್ಪ ಅಮ್ಮನ ಮಾತಿಗೇ ನಿಲ್ಲಿಸದೆ ಎರಡೂ ಕಡೆಯ ಅಜ್ಜಿ ತಾತ, ಸೋದರಮಾವ, ಚಿಕ್ಕಪ್ಪ, ಸೋದರತ್ತೆವರೆಗೆ ಹೋಗಿ. ಕೂಸಿನ ಜೊತೆ ಬಂದ ಅಜ್ಜಿಯನ್ನು ಕೇಳಿದರೆ ಇನ್ನೂ ಒಳ್ಳೆಯದು, ಸೊಸೆಗೆ ಗೊತ್ತಿರದ ಎದೆಯ ಕಲೆಗಳೆಲ್ಲ ಅವರಿಗೆ ಗೊತ್ತಿರುತ್ತವೆ. ದೊಡ್ಡವರೇ ಚುಚ್ಚಿಸಿಕೊಳ್ಳಲು ಬಂದಿದ್ದರೆ ತೋಳಿನ ಬಿಸಿಜಿ ಗುರುತು, ಹಳೇ ಗಾಯದ ಕಲೆ ನೋಡಿ. ಗುರುತು ಚಪ್ಪಟೆಯಾಗಿದ್ದರೆ ಮುಂದುವರಿಯಿರಿ, ಉಬ್ಬಿ ಹರಡಿಕೊಂಡಿದ್ದರೆ ನಿಲ್ಲಿ. ಕಿವಿಯಲ್ಲಿ ಒಂದು ಸಲ ಗಂಟು ಬಂದವರಿಗೆ ಪಕ್ಕದಲ್ಲಿ ಇನ್ನೊಂದು ತೂತು ಹಾಕಿಕೊಡುವುದಂತೂ ಬೇಡವೇ ಬೇಡ, ಎಷ್ಟೇ ಒತ್ತಾಯ ಮಾಡಲಿ. ಅದು ಕಣ್ಣಾರೆ ಕಂಡು ಬಾವಿಗೆ ತಳ್ಳಿದ ಹಾಗೆ.

ವಂಶದಲ್ಲಿ ಇದೆ ಎಂದು ಗೊತ್ತಾದ ಮೇಲೆ ಕೂಸಿನ ಕಿವಿ ಚುಚ್ಚಲೇಬಾರದೇ? ಡಾಕ್ಟರನ್ನು ಕೇಳಿದರೆ ಅಂಥವರಿಗೆ ಬೇಡ ಎಂದೇ ಹೇಳುತ್ತಾರೆ. ಆದರೆ ಹೆಣ್ಣುಮಗುವಿಗೆ ಬರಿಗಿವಿ ಎಂದರೆ ನಮ್ಮಲ್ಲಿ ಕೇಳುವವರು ಯಾರು! ಚುಚ್ಚಲೇಬೇಕು ಎಂದು ಮನೆಯವರು ಹಟ ಹಿಡಿದರೆ, ಅಪಾಯ ಹೇಳಿ, ಕೂಸಾಗಿದ್ದಾಗಲೇ, ಕೆಳಹಾಲೆಯಲ್ಲೇ, ಒಂದೇ ತೂತು ಎಂದು ಒಪ್ಪಿಸಿ. ಶಾಸ್ತ್ರ ಮಾತ್ರ ಸಾಕು ಎನ್ನುವವರಿಗೆ ಅರಿಶಿನ ಕುಂಕುಮ ಇಟ್ಟು ಚಿನ್ನದ ತಂತಿಯ ತುದಿ ಕಿವಿಗೆ ಮುಟ್ಟಿಸಿ ಎತ್ತಿದರೆ ದೇವರೇನೂ ಮುನಿಯುವುದಿಲ್ಲ. ದಕ್ಷಿಣೆಯನ್ನೂ ಅಕ್ಕಿ ತೆಂಗಿನಕಾಯಿಯನ್ನೂ ಮಾಮೂಲಿನಂತೆ ತೆಗೆದುಕೊಳ್ಳಿ. ದೊಡ್ಡವಳಾದ ಮೇಲೆ ಕ್ಲಿಪ್ ಓಲೆ ಸಿಗುತ್ತವೆ.

ಇನ್ನು ನಿಮ್ಮ ಪಾಲಿನ ಕಾಲು ಭಾಗ. ಊತ ಎಷ್ಟು ದಿನ ನಿಲ್ಲುತ್ತದೆ ಎನ್ನುವುದನ್ನು ವಂಶವೊಂದೇ ತೀರ್ಮಾನ ಮಾಡುವುದಿಲ್ಲ, ನಿಮ್ಮ ಸೂಜಿಯೂ ತೀರ್ಮಾನ ಮಾಡುತ್ತದೆ. ಒಬ್ಬರಿಗೆ ಹಾಕಿದ ಸೂಜಿ ಇನ್ನೊಬ್ಬರಿಗೆ ಬೇಡ. ಅದರಲ್ಲಿ ಕೀವಿನ ಭಯ ಸಣ್ಣದು, ಹೆಪಟೈಟಿಸ್ ಬಿ, ಎಚ್‌ಐವಿಯ ಭಯ ದೊಡ್ಡದು. ಗನ್ ಹಿಡಿದ ಹುಡುಗರಿಗೆ ಒಂದು ಮಾತು: ಅದು ಸೂಜಿಯ ಹಾಗೆ ಕೊಯ್ದುಕೊಂಡು ಹೋಗುವುದಿಲ್ಲ, ಮೊಂಡು ಕಡ್ಡಿಯನ್ನು ಸ್ಪ್ರಿಂಗಿನ ಬಲದಿಂದ ನುಗ್ಗಿಸುತ್ತದೆ. ಕೆಳಹಾಲೆಯಲ್ಲಿ ಹೇಗೋ ನಡೆಯುತ್ತದೆ, ಮೇಲ್ಗಿವಿಯ ಮೃದ್ವಸ್ಥಿ ಜಜ್ಜಿಹೋಗುತ್ತದೆ. ಪ್ಲಾಸ್ಟಿಕ್ ಗನ್ನನ್ನು ಆಸ್ಪತ್ರೆಯ ಉಪಕರಣದಂತೆ ಹಬೆಯಲ್ಲಿ ಬೇಯಿಸಿ ಶುದ್ಧ ಮಾಡಲೂ ಆಗುವುದಿಲ್ಲ. ಮೇಲ್ಗಿವಿಗೆ ಗನ್ ಬೇಡ. ಹಳೇ ಆಚಾರ್ರ ಚಿನ್ನದ ತಂತಿಯ ಪದ್ಧತಿ ಇಲ್ಲಿ ಗೆಲ್ಲುತ್ತದೆ. ಅಗ್ಗದ ಓಲೆಗಳಲ್ಲಿ ನಿಕ್ಕಲ್ ಇರುತ್ತದೆ, ಅನೇಕರಿಗೆ ಅದು ಒಗ್ಗದೆ ನವೆ, ನೀರು, ಊತ. ಮಾಯದ ತೂತಿಗೆ ಅದನ್ನೇ ಹಾಕಿ ಕಳಿಸಿದರೆ ಗಂಟಿಗೆ ಆಹ್ವಾನ ಕೊಟ್ಟಂತೆ. ಹೊಸ ತೂತಿಗೆ ತೂಗುವ ಜುಮ್ಕಿ ಹಾಕಿ ಎಳೆತ ಕೊಡಬೇಡಿ ಎಂದೂ ಹೇಳಿ ಕಳಿಸಿ.

ಜಾತ್ರೆಯಲ್ಲಿ ಮೆಷಿನ್ನಿನಿಂದ ಹಚ್ಚೆ ಹಾಕುವವರು ಈ ಕಾಗದ ಓದಿದರೆ ಅವರಿಗೂ ಇದೇ ವಿಚಾರಣೆ ಅನ್ವಯಿಸುತ್ತದೆ. ಕೂಸಿನ ಹೊಟ್ಟೆಗೆ ಬರೆ ಹಾಕುವವರಿಗೆ ವಿಚಾರಣೆ ಅನ್ವಯಿಸುವುದಿಲ್ಲ, ಅವರು ಆ ಕೆಲಸವನ್ನೇ ಬಿಡಬೇಕು.

ಕೊನೆಯದಾಗಿ, ಗಂಟು ಬಂದ ಮೇಲೆ ಮೊದಲು ಹಿಂತಿರುಗಿ ಬರುವುದು ನಿಮ್ಮ ಹತ್ತಿರಕ್ಕೇ. ‘ಕೊಯ್ದು ತೆಗೆದುಬಿಡಿ ಆಚಾರ್ರೇ’ ಎನ್ನುತ್ತಾರೆ. ಕೊಯ್ಯಬೇಡಿ. ದಾರ ಬಿಗಿದು ಕಟ್ಟುವುದೂ, ಸುಣ್ಣ ಹಚ್ಚಿ ಸುಡುವುದೂ ಬೇಡ. ಕೆಲಾಯ್ಡನ್ನು ಬರೀ ಕೊಯ್ದು ಬಿಟ್ಟರೆ ಅರ್ಧದಷ್ಟು ಜನರಿಗಾದರೂ ಮತ್ತೆ ಬರುತ್ತದೆ, ಅನೇಕರಲ್ಲಿ ಮೊದಲಿಗಿಂತ ದೊಡ್ಡದಾಗಿ. ಚರ್ಮಕ್ಕೆ ಅದು ಇನ್ನೊಂದು ಗಾಯ ಅಷ್ಟೇ. ಆಸ್ಪತ್ರೆಯಲ್ಲಿ ಡಾಕ್ಟರು ಸಾಮಾನ್ಯವಾಗಿ ಟ್ರೈಯಾಮ್ಸಿನೊಲೋನ್ ಎಂಬ ಸ್ಟಿರಾಯ್ಡ್ ಇಂಜೆಕ್ಷನ್ನನ್ನು ಗಂಟಿನ ಒಳಗೇ ಕೊಡುತ್ತಾರೆ, ನಾಲ್ಕರಿಂದ ಆರು ವಾರಕ್ಕೊಮ್ಮೆ, ಹಲವು ಸಲ. ಚುಚ್ಚುವಾಗ ನೋವಿದೆ, ಸುತ್ತಲ ಚರ್ಮ ಬಿಳುಚಿಕೊಳ್ಳುವುದೂ ಉಂಟು, ಆದರೆ ನವೆ ಬೇಗ ನಿಲ್ಲುತ್ತದೆ, ಗಂಟು ಮೆತ್ತಗಾಗುತ್ತ ಇಳಿಯುತ್ತದೆ. ಕೆಲವರಿಗೆ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸುತ್ತಾರೆ. ದೊಡ್ಡ ಗಂಟನ್ನು ಕೊಯ್ಯಲೇಬೇಕಾದರೆ ಕೊಯ್ದ ಮೇಲೆ ಇಂಜೆಕ್ಷನ್ನೋ, ಕಿವಿಯನ್ನು ಒತ್ತಿ ಹಿಡಿಯುವ ಕ್ಲಿಪ್ಪೋ, ದೊಡ್ಡವರಾದರೆ ಒಂದೆರಡು ದಿನದೊಳಗೆ ಸಣ್ಣ ಪ್ರಮಾಣದ ವಿಕಿರಣವೋ ಜೊತೆಗಿರುತ್ತದೆ. ಸಿಲಿಕೋನ್ ಹಾಳೆಯನ್ನು ದಿನಕ್ಕೆ ಹನ್ನೆರಡು ತಾಸಿನಂತೆ ತಿಂಗಳುಗಟ್ಟಲೆ ಅಂಟಿಸಿಕೊಳ್ಳುವುದು ಹೊಸ ಕಲೆಗಳಿಗೆ ಉಪಯೋಗ.

ಗಂಟು ಕಡಲೆಕಾಳಿನಷ್ಟಿರುವಾಗ ಕಳಿಸಿದರೆ ಎರಡು ಮೂರು ಇಂಜೆಕ್ಷನ್ನಿನಲ್ಲಿ ಮುಗಿಯುವ ಸಂಭವವಿದೆ. ಹುಡುಗಿ ಜಡೆಯ ಹಿಂದೆ ಕಿವಿ ಮುಚ್ಚಿಕೊಂಡು ಎರಡು ವರ್ಷ ಕಳೆದ ಮೇಲೆ ಕಳಿಸಿದರೆ ವರ್ಷದ ಓಡಾಟ. ಸರಗೂರಿನಲ್ಲಿ ವಿವೇಕಾನಂದ ಸ್ಮಾರಕ ಆಸ್ಪತ್ರೆಯಿದೆ, ಅಲ್ಲಿ ವಿಚಾರಿಸಬಹುದು. ಅಲ್ಲಿ ಆಗದಿದ್ದರೆ ಹ್ಯಾಂಡ್‌ಪೋಸ್ಟಿನಲ್ಲಿ ಮೈಸೂರು ಬಸ್ಸು ಹತ್ತಿ ಕೆ.ಆರ್. ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಲಿ. ಬೆಳಗ್ಗೆ ಬೇಗ ಹೊರಡಲು ಹೇಳಿ, ಚೀಟಿ ಮಾಡಿಸುವ ಸಾಲು ಉದ್ದ. ತಿಂಗಳಿಗೊಮ್ಮೆ ಹೋಗಬೇಕಾದ ಚಿಕಿತ್ಸೆ ಎನ್ನುವುದನ್ನೂ ಮೊದಲೇ ಹೇಳಿ. ಒಂದು ಇಂಜೆಕ್ಷನ್ ಹಾಕಿಸಿ ಗುಣವಾಗಲಿಲ್ಲ ಎಂದು ಬಿಟ್ಟವರೇ ಹೆಚ್ಚು. ಮನೆಯವರು ಒಪ್ಪುವುದಾದರೆ ಆ ಮನೆಯ ಹೆಸರನ್ನು ನಿಮ್ಮ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಅದೇ ಮನೆಯಿಂದ ಮುಂದಿನ ಕೂಸು ಬರುತ್ತದೆ, ಆಗ ನಿಮ್ಮ ಅಂಗಡಿಯಲ್ಲಿ ನಿಮ್ಮ ಮಗ ಕೂತಿರಬಹುದು.

ಇಂತಿ ನಿಮ್ಮ,
ಹೋಬಳಿಯ ಜೀವಶಾಸ್ತ್ರದ ಮೇಷ್ಟ್ರು